ಗಾಳಿಮರೆ

ಲಿವಾದಲ್ಲಿ ನನ್ನ ಕೆಲಸ ಬೆಳಗಿನ ಐದಕ್ಕೆ ದಿಬ್ಬ ನೋಡುವುದು.
ಪೈಪು ಹೂಳುವ ಕಂದಕದ ನೆತ್ತಿಯ ಮೇಲೆ
ಮೂರು ತೆಂಗು ಒಂದರ ಮೇಲೊಂದು ನಿಂತಷ್ಟು ಮರಳು.
ಫಾರ್ಮಿನಲ್ಲಿ ಮೂರು ಚೌಕ: ಕಡಿಮೆ, ಮಧ್ಯಮ, ಹೆಚ್ಚು.
ಒಂದಕ್ಕೆ ಗೀಟೆಳೆದು ಸಹಿ ಹಾಕಬೇಕು,
ಆಮೇಲೆ ಹನ್ನೊಂದು ಜನ ಕೆಳಗಿಳಿಯುತ್ತಾರೆ.

ಮೊದಲ ವಾರ ಆಕಾಶ ನೋಡಿ ಬರೆದೆ.
ಮೋಡವಿಲ್ಲ, ಬಿರುಗಾಳಿಯಿಲ್ಲ. ಕಡಿಮೆ.
ಖುಶ್ ವಲಿ ನಕ್ಕ. ಜೆಸಿಬಿ ಓಡಿಸುವವನು,
ಕ್ಯಾಂಪಿನಲ್ಲೆಲ್ಲ ಪಠಾಣ ಅಂತಾರೆ,
ಪಠಾಣನಲ್ಲ ಚಿತ್ರಾಲದವನು ಎಂದು
ಪ್ರತಿಸಲವೂ ತಿದ್ದುತ್ತಾನೆ, ಬೇಸರವಿಲ್ಲದೆ.
"ಮೇಲೇನು ನೋಡ್ತೀಯ?
ಗಾಳಿ ಎಲ್ಲಿಂದ ಹೊತ್ತು ಎಲ್ಲಿ ಇಳಿಸ್ತು, ಅದನ್ನ ಕೇಳು."

ಅವರೂರಲ್ಲಿ ಅದು ಹಿಮ.
ನಾನು ಕಂಡ ಹಿಮವೆಂದರೆ ಹೊನ್ನಾವರದ ಧಕ್ಕೆಯಲ್ಲಿ
ಬಂಗುಡೆಯ ಮೇಲೆ ಸುರಿಯುವ ಪುಡಿ ಐಸು.
ನಾಲ್ಕು ದಿನ ಬಿದ್ದದ್ದನ್ನು ಒಂದೇ ರಾತ್ರಿಯ ಗಾಳಿ
ಗುಡ್ಡದ ಬೆನ್ನಿಗೆ ಪೇರಿಸುತ್ತದಂತೆ,
ಒತ್ತಿ ಒತ್ತಿ ಹಲಗೆ ಮಾಡುತ್ತದಂತೆ.
ಕಾಲಿಟ್ಟರೆ ಅಡಿಯಲ್ಲಿ ಯಾರೋ
ಹಿಡಿದಿದ್ದ ಉಸಿರು ಬಿಟ್ಟ ಸದ್ದು.
ಅದನ್ನು ಕೇಳಿಯೂ ಮುಂದಿನ ಹೆಜ್ಜೆ ಇಟ್ಟವರ
ಹೆಸರು ಹೇಳಲಿಲ್ಲ ಅವನು,
ನಸ್ವಾರಿನ ಉಂಡೆ ತುಟಿಯೊಳಗೆ ಒತ್ತಿಕೊಂಡ.

ಇಬ್ಬರೂ ಹತ್ತಿದೆವು.
ಶಮಾಲ್ ಹೊಡೆಯುವ ಮುಖ ಗಟ್ಟಿ,
ಹಿಮ್ಮಡಿ ಊರಿದರೆ ಹಪ್ಪಳ ಮುರಿದಂತೆ.
ಏಣಿನ ಆಚೆ, ಗಾಳಿಮರೆಯಲ್ಲಿ,
ಮರಳು ಕೂತಿಲ್ಲ, ನಿಂತಿದೆ,
ತುದಿಬೆರಳ ಮೇಲೆ.

ನನಗಿದು ಗೊತ್ತಿತ್ತು.
ಶರಾವತಿಯ ಅಳಿವೆಯಲ್ಲಿ ನಿನ್ನೆ ದೋಣಿ ಹೋದ ದಾರಿ
ಇಂದು ಇರುವುದಿಲ್ಲ.
ಅಪ್ಪ ಗಳ ಚುಚ್ಚಿ ನೋಡುತ್ತಿದ್ದ, ಬಾಯಿ ಬಿಡುತ್ತಿರಲಿಲ್ಲ.
ಸರ್ವೆಯವರ ಕೆಂಪು-ಬಿಳಿ ಕೋಲು ಇಳಿಸಿದೆ:
ಮೊದಲ ಗೇಣು ಬಿಗಿ. ಅದರಡಿ ಏನೂ ತಡೆಯಲಿಲ್ಲ.

ಮಂಜು ಬಿದ್ದ ಬೆಳಗು ದೊಡ್ಡ ಮೋಸ.
ತೇವ ಕುಡಿದ ಮರಳು ಮೇಷ್ಟರ ಮುಂದಿನ ಹುಡುಗನಂತೆ
ಕೈಕಟ್ಟಿ ನಿಲ್ಲುತ್ತದೆ.
ಹತ್ತರ ಬಿಸಿಲು ಬಂದು
ಒಂದೊಂದೇ ಬೆರಳು ಬಿಡಿಸುತ್ತದೆ.

ಆ ಗುರುವಾರ, ಮೂರು ರಾತ್ರಿಯ ಗಾಳಿಯ ಮೇಲೆ ಮಂಜು.
'ಹೆಚ್ಚು' ಎಂದು ಗೀಟೆಳೆದೆ.
ಇಂಜಿನಿಯರ್ ಹಾನಿ ಕಾರಿನಿಂದಿಳಿಯದೆ ಕೇಳಿದ,
ಗಾಳಿ ನಿಂತಿದೆಯಲ್ಲ, ಒಂದೆಲೆಯೂ ಅಲ್ಲಾಡುತ್ತಿಲ್ಲವಲ್ಲ.
ಎಲೆಯೇ ಇಲ್ಲ ಇಲ್ಲಿ, ಎನ್ನಲಿಲ್ಲ.
"ಗಾಳಿ ಹೋಗಿದೆ ಸಾರ್. ಹೊರೆ ಇಲ್ಲೇ ಬಿಟ್ಟು ಹೋಗಿದೆ."
ನನ್ನ ಇಂಗ್ಲಿಷು ಅಷ್ಟು ನೆಟ್ಟಗೆ ಎಂದೂ ನಿಂತಿರಲಿಲ್ಲ.
ಸರಿ, ಎಂದ. ಹನ್ನೊಂದು ಜನಕ್ಕೂ ದಿನದ ಸಂಬಳ ಕಟ್.

ಹತ್ತಾಯಿತು. ಹನ್ನೊಂದಾಯಿತು.
ದಿಬ್ಬ ಕದಲಲಿಲ್ಲ.
ನೆರಳಿಲ್ಲದ ಕಡೆ ಸಾಲಾಗಿ ಕೂತು
ಎಲ್ಲರೂ ಅದನ್ನೇ ನೋಡಿದೆವು,
ಬೀಳು ಎಂದು ನಾನೊಬ್ಬನೇ ಬೇಡಿಕೊಂಡೆನೇನೋ.
ನಿಜಾಮಾಬಾದಿನ ಪೆಂಟಯ್ಯ ಮಗಳ ಫೀಸಿನ ಲೆಕ್ಕವನ್ನು
ಕಡ್ಡಿಯಲ್ಲಿ ಗೀಚಿ ಅಳಿಸಿದ.
ಊಟಕ್ಕೆ ನನ್ನ ಪಕ್ಕ ಖುಶ್ ವಲಿ ಬಿಟ್ಟರೆ ಯಾರೂ ಕೂರಲಿಲ್ಲ.
"ಬೀಳದ ದಿನವೇ ಹೆಚ್ಚು," ಎಂದ ಅವನು,
"ಆ ದಿನಗಳೇ ಕೊಲ್ಲೋದು. ಅಭ್ಯಾಸ ಆಗಿಬಿಡತ್ತೆ."

ರಾತ್ರಿ ಮರಳು ಹಾಡಿತು,
ದೂರದ ಹಡಗಿನ ಇಂಜಿನಿನಂತೆ, ತುಂಬ ಹೊತ್ತು.
ಬೆಳಿಗ್ಗೆ ಟಾರ್ಚು ಹಿಡಿದು ಓಡಿದರೆ
ಜಾರಿದ್ದು ನಾವು ಇಳಿಯಬೇಕಿದ್ದ ಕಡೆಯಲ್ಲ,
ಎಂಬತ್ತು ಹೆಜ್ಜೆ ಆಚೆ, ಯಾರ ಲೆಕ್ಕಕ್ಕೂ ಸಿಗದಲ್ಲಿ.
ಪೆಂಟಯ್ಯ ನೋಡಿದ, ನನ್ನನ್ನೂ ನೋಡಿದ,
ಏನೂ ಅನ್ನದೆ ಸನಿಕೆ ಹೆಗಲಿಗೇರಿಸಿದ.

ಹೊಸ ಫಾರ್ಮು ಕೈಗೆ ಬಂತು.
ನಸುಕಿನಲ್ಲಿ ಗಾಳಿ ತೆಂಕಣಕ್ಕೆ ತಿರುಗಿತ್ತು.
ನಿನ್ನೆ ಬೆನ್ನಾಗಿದ್ದದ್ದು ಇವತ್ತು ಮುಖ.
ಪೆನ್ನು ಜೇಬಿಗಿಟ್ಟು
ಕೋಲು ತೆಗೆದುಕೊಂಡೆ.