ತೋಪಿನ ಬಾಯಾಗಿನ ಗುಬ್ಬಿ

ಬ್ರಹ್ಮಪುರದ ಕಲ್ಲಚ್ಚಿನ ಛಾಪಖಾನ್ಯಾಗ
ನಂದು ಶಾಯಿ ಉರುಳಿ ಎಳಿಯೋ ಕೆಲಸ, ದಿನಕ್ಕ ನಾಕಾಣೆ.
ವಾರಕ್ಕೊಮ್ಮೆ ನಾಕು ಹಾಳಿ, ಪತ್ರಿಕಾದ ಹೆಸರು 'ಕಡ್ಡಿ'.
ಮೂರು ಹಾಳಿ ಯಾರೂ ಓದತಿದ್ದಿಲ್ಲ.
ನಾಕನೇದಕ್ಕ ಚಾದಂಗಡ್ಯಾಗ ಜಗ್ಗಾಟ:
ಅದರಾಗ ಡ್ರಾಯಿಂಗ್ ಮಾಸ್ತರು ಮಾಣಿಕಪ್ಪ ಬರೆದ ಚಿತ್ರ,
ಚಿತ್ರದಾಗ ಕರ್ನಲ್ ಚನಮಲ್ಲಪ್ಪ.

ಫೌಜಿನಾಗ ಇದ್ದವರಲ್ಲ ಅವರು, ಒಂದು ದಿನಾನೂ.
ಕರ್ನಲ್ ಅಂತ ಮೊದಲು ಕರೆದಾತ ಅವರ ಜೀಪಿನ ಡ್ರೈವರ,
ಆಮ್ಯಾಲ ಊರು,
ಆಮ್ಯಾಲ ಐವತ್ತೇಳರ ಇಲೆಕ್ಷನ್ ಪೋಸ್ಟರು.
ಗಡಿ ಶಿಬಿರದ ಕಾಲಕ್ಕ, ಅಮಾಸಿ ರಾತ್ರಿ,
ಒಬ್ಬರೇ ನಾಕಾ ಹೊಕ್ಕು ಬಂದೂಕ ಕಸಗೊಂಡು ಬಂದರಂತ.
ಶಹಾಬಾದಿನ ಭಾಷಣದಾಗ ಹನ್ನೊಂದು ಬಂದೂಕ,
ಜೇವರ್ಗಿ ಮುಟ್ಟೂದ್ರಾಗ ಇಪ್ಪತ್ತೊಂದು,
ಚಿತ್ತಾಪುರದಾಗ ನಲವತ್ತು.

ಮಾಸ್ತರು ಭಾಷಣಕ್ಕ ಹೋಗತಿದ್ದಿಲ್ಲ, ಲೆಕ್ಕ ಇಡತಿದ್ದರು.
ವಾರ ವಾರ ಕರ್ನಲ್ಲರ ತಲಿಮ್ಯಾಲಿನ ಹೊರಿಗೆ
ಬಂದೂಕ ಕೂಡಿಸ್ತಾ ಹೋದರು.
ಒಂಬತ್ತನೇ ವಾರಕ್ಕ ಸೊಂಟ ಬಗ್ಗಿ, ಧೋತ್ರ ಜಾರಿ ನಿಂತಾರ,
ಸಂತ್ಯಾಗಿನ ಮುದುಕಿ ಕೇಳತಾಳ:
"ಯಪ್ಪಾ, ಕಟಗಿ ಹೊರಿ ಎಷ್ಟಕ್ಕ ಕೊಡ್ತಿ?"

ಊರು ಬಿದ್ದು ಬಿದ್ದು ನಕ್ಕಿದ್ದು ಮಾತ್ರ ಇನ್ನೊಂದಕ್ಕ.
ಕಿಲ್ಲೆದಾಗಿನ ಆ ಉದ್ದ ತೋಪಿನ ಮ್ಯಾಲ
ಕುದರಿ ಏರಿದಂಗ ಕುಂತಾರ ಕರ್ನಲ್ಲರು.
ಮೀಸಿ ಎರಡೂ ಕಡೆ ಬತೇರಿ ಮುಟ್ಟತಾವ,
ಎದಿಮ್ಯಾಲ ಪದಕದ ಜಾಗಾದಾಗ ಸೋಡಾ ಬಾಟ್ಲಿ ಬಿಲ್ಲಿ.
ತೋಪಿನ ಬಾಯಾಗ ಗೂಡು.
ಗುಬ್ಬಿ ತಲಿ ಹೊರಗ ಹಾಕಿ ಅಂತದ:
"ಮೆಲ್ಲಗ್ರೀ ಸಾಹೇಬ್ರ, ಮಕ್ಕಳು ಮಲಗ್ಯಾವ."

ಆಮ್ಯಾಲ ಜೀಪು ಬಂದಲ್ಲೆಲ್ಲ
ಗ್ವಾಡಿ ಹಿಂದ ಹುಡುಗರು ಚಿಂವ್ ಚಿಂವ್ ಅಂದವು.
ಮುನ್ನೂರಾ ಹನ್ನೆರಡು ಓಟಿಗೆ ಸೋತರು.
ಮಾಸ್ತರು ಬಾಗಿಲಿಗೆ ಅಡ್ಡಗಟ್ಟಿ ಇಟ್ಟು ಒಂದು ತಿಂಗಳು ಮಲಗಿದರು.
ಯಾರೂ ಬರಲಿಲ್ಲ. ಒಂದು ಕಲ್ಲು ಸೈತ ಬೀಳಲಿಲ್ಲ.
ಖಾಕಿ ಅಂಗಿ ಮಡಚಿಟ್ಟು ಚನಮಲ್ಲಪ್ಪ
ತೊಗರಿ ಅಡತಿ ಅಂಗಡ್ಯಾಗ ತಕ್ಕಡಿ ಮುಂದ ಕುಂತುಬಿಟ್ಟರು.
"ಸಿಟ್ಟಿಗೇಳಲಾರದ ಮನಷ್ಯಾನ್ನ ಹೆಂಗ ಬರೀಲೋ?"
ಮಾಸ್ತರು ಕುಂಚ ತೊಳದು ಬೈದರು. ಯಾರಿಗೆ ಬೈದರೋ.

ಇಪ್ಪತ್ತಾರು ವರ್ಷದ ಮ್ಯಾಲ, ಮೇ ತಿಂಗಳ ಬಿಸಲಾಗ,
ಅವರ ಮಣ್ಣಿಗೆ ಹೋಗಿದ್ದೆ.
ಜಳಕಾ ಮಾಡಸೋರಿಗೆ ಕೊಡ ಎತ್ತಿ ಕೊಡಲತ್ತಿದ್ದೆ.
ಇಬೂತಿ ಹಚ್ಚಲಿಕ್ಕಂತ ಮುಂದಕ್ಕ ಬಗ್ಗಿಸಿದಾಗ ಕಂಡಿತು:
ಎಡಗಡೆ ರೆಕ್ಕಿ ಎಲುಬಿನ ಕೆಳಗ ಒಂದು ಕುಣಿ,
ಹೆಬ್ಬಟ್ಟು ಕುಂದರೂವಷ್ಟು.
"ಗುಂಡಿಂದು," ಅಂದ ಕ್ಷೌರದ ಹುಸೇನಪ್ಪ.
"ಬೆನ್ನಿಗಿ ಬಿದ್ದದ ಅಂದ್ರ ಓಡ್ಯಾನ," ಅಂದ ಯಾವನೋ.
"ಓಡಬೇಕಾದ್ರ ಮೊದಲ ಅಲ್ಲಿತನಕ ಹೋಗಬೇಕಲ್ಲೋ,"
ಅಂದಳು ಬಾಗಿಲಾಗ ನಿಂತಾಕಿ, ಅವರ ಹೆಂಡ್ತಿ.
ಯಾರೂ ಮಾತಾಡಲಿಲ್ಲ. ನೀರು ಹರದು ಬಚ್ಚಲಿಗೆ ಹೋಯಿತು.

ಅವತ್ತೇ ಸಂಜಿಗೆ ಮಾಸ್ತರ ಮನಿಗೆ ಹೋದೆ.
ಕಣ್ಣಿಗೆ ಪೊರಿ ಬಂದು, ನೆಳ್ಳಷ್ಟೇ ಕಾಣೂ ಕಾಲ.
"ಎಷ್ಟು ದೊಡ್ಡದಿತ್ತು?" ಅಂದರು.
ಅವರ ಅಂಗೈಯಾಗ ನನ್ನ ಹೆಬ್ಬಟ್ಟು ಒತ್ತಿದೆ.
ಬಿಡಲಿಲ್ಲ. ಹಂಗೇ ಹಿಡಕೊಂಡು ಕುಂತರು,
ಮಸೂತಿ ಬಾಂಗು ಮುಗಿಯೂತನಕ.
ಆಮ್ಯಾಲ ಅಂದರು:
"ಅಂದಂಗ, ಒಂದು ಬಂದೂಕರೆ ಖರೇ ಇತ್ತು."

ಛಾಪಖಾನಿ ಮಾರಿದಾಗ ಆ ಕಲ್ಲು ಕೇಳಿ ತಂದೆ.
ಈಗ ಬಚ್ಚಲದಾಗ ಅದ, ಅದರ ಮ್ಯಾಲ ಅರಿವಿ ಒಗೀತಾರ.
ಸಾಬೂನಿನ ಬುರುಗು ಇಳದಾಗ
ತೋಪು ಎಡಬಲ ಆಗಿ ಕಾಣತದ,
ಗುಬ್ಬಿ ಮಾತು ಕನ್ನಡಿ ಹಿಡದರ ಓದಲಿಕ್ಕ ಬರತದ.
ಎಷ್ಟು ತಿಕ್ಕಿದರೂ ಚನಮಲ್ಲಪ್ಪನ ಬೆನ್ನು ಕಾಣಂಗಿಲ್ಲ.
ಮಾಸ್ತರು ಅವರನ್ನ
ಎದುರಿಂದನೇ ಬರೀತಿದ್ದರು, ಪ್ರತಿ ಸಲ.