ಇಪ್ಪತ್ನಾಲ್ಕಕ್ಕೊಂದು

ವ್ಯಾನ್ ನೈಸಿನ ಹಳೇ ಹಾಸಿಗೆ ಗೋದಾಮಿನಲ್ಲಿ
ಊರು ಕಟ್ಟುತ್ತಿದ್ದೆವು ನಾವು, ಬೀಳಿಸುವುದಕ್ಕೆ.
ಇಪ್ಪತ್ನಾಲ್ಕು ಅಡಿಗೆ ಒಂದಡಿ ಲೆಕ್ಕ.
ಹತ್ತು ಮಹಡಿಯ ಬ್ಯಾಂಕು ನನ್ನ ಗಲ್ಲದವರೆಗೆ,
ಅಂಚೆಡಬ್ಬಿ ಹೆಬ್ಬೆರಳಷ್ಟು.

ಒಫೀಲಿಯಾ ಬರ್ರಗಾನ್ ಕಿಟಕಿಗಳ ಕೆಲಸದವಳು.
ಆರನೇ ಮಹಡಿಯ ಒಂದು ಕಿಟಕಿಗೆ
ಪರದೆ ಹೊಲಿದಳು; ಪರದೆಯ ಹಿಂದೊಂದು ಮೇಜು;
ಮೇಜಿನ ಮೇಲೆ
ಕೊತ್ತಂಬರಿ ಕಾಳಿನಷ್ಟು ಲೋಟ.
ಯಾರೇ ನೋಡುವವರು ಇದನ್ನ, ಅಂದೆ.
ಅಲ್ಲಿ ಇರುವವರು, ಅಂದಳು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.
ನಮ್ಮಲ್ಲಿ ದೊಣ್ಣೆಯೂ ಕುಂಬಾರನ ಕೈಯಲ್ಲೇ.
ಹನ್ನೊಂದು ವಾರ ಕಟ್ಟಿದ್ದು ನಾಲ್ಕು ಸೆಕೆಂಡಿಗೆ ಪುಡಿ;
ಆ ನಾಲ್ಕನ್ನು ಎಳೆದೆಳೆದು ಇಪ್ಪತ್ತು ಮಾಡುವುದು ಕ್ಯಾಮೆರಾ.
ಚಿಕ್ಕದು ಬೇಗ ಬೀಳುತ್ತದೆ, ನೋಡಿ.
ದೊಡ್ಡದೆನಿಸಬೇಕೆಂದರೆ
ನಿಧಾನ ಬೀಳಬೇಕು.

ಕಥೆಯಲ್ಲಿ ನಮಗೆ ಕೊಡುತ್ತಿದ್ದುದು ಬೀಳುವ ಪುಟಗಳು ಮಾತ್ರ.
ಉಳಿದದ್ದು ಓದದೆಯೂ ಗೊತ್ತು.
ಬೆಟ್ಟ ಹೊಗೆಯಾಡುತ್ತಿದೆ ಎಂದು ಕೂಗುವ ವಿಜ್ಞಾನಿ,
ಗಡ್ಡ ಬೋಳಿಸದವ, ಹೆಂಡತಿ ಬಿಟ್ಟುಹೋದವ.
ಉತ್ಸವ ನಿಲ್ಲಿಸಲಾಗದು, ಹೋಟೆಲುಗಳೆಲ್ಲ ಭರ್ತಿ
ಎನ್ನುವ ಮೇಯರು.
ಮೊದಲು ನಕ್ಕವನೇ ಮೊದಲು ಹೋಗುತ್ತಾನೆ.
ಅಲೆಯೋ ಉಲ್ಕೆಯೋ ಉರಿವ ಗೋಪುರವೋ,
ಒಟ್ಟಿನಲ್ಲಿ ಜನ ಓಡುವುದು ಕ್ಯಾಮೆರಾದ ಕಡೆಗೇ.
ವಿಚ್ಛೇದನದ ಕಾಗದಕ್ಕೆ ಸಹಿಯೊಂದೇ ಬಾಕಿಯಿದ್ದ ಗಂಡಹೆಂಡಿರು
ಮತ್ತೆ ಕೈ ಹಿಡಿಯಲು
ಒಂದಿಡೀ ಊರು ಮುಳುಗಬೇಕು.
ನಾಯಿ ಬದುಕುತ್ತದೆ.
ನಾಯಿ ಸತ್ತ ಪಿಕ್ಚರಿಗೆ ಎರಡನೇ ವಾರ ಇಲ್ಲ,
ಅದು ಎಲ್ಲರಿಗೂ ಗೊತ್ತು.

ಆ ಜನವರಿ, ಗುರುವಾರ ನಮ್ಮ ಊರಿನ ಸರದಿ.
ಸೋಮವಾರ ನಸುಕಿಗೆ, ನಾಲ್ಕೂವರೆಗೆ
ನಿಜವಾದದ್ದೇ ಬಂತು.

ಯಾರೂ ಕಡತ ಹಿಡಿದು ಓಡಿಬಂದಿರಲಿಲ್ಲ ಹಿಂದಿನ ದಿನ.
ಸಂಗೀತ ಏರಲಿಲ್ಲ.
ಬಟ್ಟೆಯ ಕಪಾಟು ತಾನೇ ನಡೆದು ಬಂದು
ಬಾಗಿಲಿಗೆ ಅಡ್ಡ ನಿಂತಿತು, ಸಾಲ ಕೇಳುವವನ ಹಾಗೆ.
ಕಿಟಕಿಯಿಂದ ಹಾರಿದೆ, ಬರಿಗಾಲಲ್ಲಿ.

ಬೀದಿಯಲ್ಲಿ ಪಕ್ಕದ ಮನೆಯ ಪೆಟ್ರೋಸಿಯನ್,
ಎರಡು ವರ್ಷದಿಂದ ಬೇಲಿಯ ವಿಷಯಕ್ಕೆ ಮಾತು ಬಿಟ್ಟವ,
ಬನಿಯನ್ನಿನಲ್ಲೇ ಸ್ಪ್ಯಾನರ್ ಹಿಡಿದು
ಮನೆ ಮನೆಯ ಗ್ಯಾಸು ನಿಲ್ಲಿಸುತ್ತ ಹೊರಟಿದ್ದ.
ನಮ್ಮದನ್ನೂ ನಿಲ್ಲಿಸಿದ.
ಕೊನೆಗೆ.
ಯಾರೂ ಓಡಲಿಲ್ಲ. ಓಡುವುದಾದರೂ ಎಲ್ಲಿಗೆ?
ಹೊದಿಕೆ ಹೊದ್ದು ಕಾಲುದಾರಿಯ ಅಂಚಿನಲ್ಲಿ ಕೂತೆವು,
ಯಾರದೋ ಫ್ರಿಜ್ಜಿನ ಐಸ್ ಕ್ರೀಂ ಕರಗುವ ಮೊದಲು ತಿಂದೆವು.
ದೀಪ ಸತ್ತ ಊರಿನ ಮೇಲೆ ಏನೋ ಬಿಳಿ ಪಟ್ಟೆ.
ಅದೇನು ಹೊಗೆ, ಅಂತು ಒಂದು ಮಗು.
ಇಲ್ಲೇ ಹುಟ್ಟಿ ನಲವತ್ತಾದ ನನಗೂ
ಹೇಳಲು ಹೊತ್ತು ಹಿಡಿಯಿತು:
ಆಕಾಶಗಂಗೆ.

ಗೋದಾಮಿನ ಗೋಡೆ ಬಿರಿದಿತ್ತು.
ಒಳಗೆ ನಮ್ಮ ಊರು ನಿಂತೇ ಇತ್ತು, ಬ್ಯಾಂಕು, ಚರ್ಚು,
ಅಂಚೆಡಬ್ಬಿ ಕೂಡ.
ಬಿದ್ದದ್ದು ಆ ಲೋಟ ಒಂದೇ.
ಒಫೀಲಿಯಾ ಚಿಮಟದಲ್ಲಿ ಎತ್ತಿ ಮೇಜಿಗಿಟ್ಟಳು.
ಅವಳ ಸ್ವಂತ ಮನೆಗೆ ಕೆಂಪು ಚೀಟಿ ಅಂಟಿಸಿದ್ದರು;
ಮಲಗುವುದು ಕಾರಿನಲ್ಲಿ ಎಂದು
ಎರಡು ವಾರ ನಮಗೆ ಹೇಳಲೇ ಇಲ್ಲ.

ಗುರುವಾರದ್ದು ಮುಂದಿನ ತಿಂಗಳಿಗೆ ಹೋಯಿತು, ಅಷ್ಟೆ.
ಸನ್ನೆ ಎಳೆದವನು ನಾನೇ.
ನಿರ್ದೇಶಕ ತಲೆಯಾಡಿಸಿದ:
ತೀರಾ ಬೇಗ ಮುಗಿಯಿತಲ್ಲ,
ನಿಜವಾದ ಭೂಕಂಪ ಹೀಗಿರೋದಿಲ್ಲ.

ಬೇಸಿಗೆಗೆ ಬಿಡುಗಡೆ. ಟಿಕೆಟ್ ಕೊಂಡೇ ಹೋದೆ.
ನಾಯಿ ಬಂದಾಗ ಚಪ್ಪಾಳೆ.
ಬ್ಯಾಂಕು ವಾಲತೊಡಗಿದಾಗ, ಆ ಇಪ್ಪತ್ತು ಸೆಕೆಂಡು,
ನಾನು ನೋಡಿದ್ದು ಆರನೇ ಮಹಡಿ.
ಪರದೆ ಎಳೆದಿತ್ತು.
ಯಾವಾಗ ಎಳೆದಿದ್ದಳೋ.