ಖಾಲಿ ಲಾರಿಯ ತೂಕ

ಬ್ಯಾಡಗಿ ವೇಬ್ರಿಡ್ಜಿನ ಕ್ಯಾಬಿನ್ನಿನ್ಯಾಗ
ಹತ್ತೊಂಬತ್ತು ವರ್ಷ ಕುಂತೇನಿ.
ಲಾರಿ ಏರ್ತೈತಿ, ಕೆಂಪು ಅಂಕಿ ನಡುಗಿ ನಿಲ್ತೈತಿ.
ತುಂಬಿದ್ದು ಎಷ್ಟು, ಖಾಲಿ ಎಷ್ಟು,
ಕಳೆದ್ರ ಉಳಿದದ್ದು ಮಾಲು.
ಚೀಟಿ ಹರದು ಕೊಡ್ತೇನಿ. ಮುಗೀತು.

ಮೋಸ ಎಲ್ಲಾ ಗೊತ್ತು ನನಗ.
ಚೀಲದ ನಡುವ ನೀರು ಹೊಡದ ಮೆಣಸಿನಕಾಯಿ,
ಸೀಟಿನ ಕೆಳಗ ಕಲ್ಲು,
ಹಿಂದಿನ ಗಾಲಿ ಪ್ಲೇಟಿನಿಂದ ಗೇಣು ಹೊರಗ.
ಡ್ರೈವರನ ಮಾರಿ ನೋಡಿದ್ರ ಸಾಕು,
ಯಾವ ಚೀಲ ಬಿಚ್ಚಬೇಕು ತಿಳೀತೈತಿ.

ಮನ್ಯಾಗ ಮಾತ್ರ ತಿಳೀಲಿಲ್ಲ.
ಶುಕ್ರವಾರ ಒಪ್ಪತ್ತು ಅಂದ್ಲು, ಸೋಮವಾರಾನೂ ಸೇರಿಸಿದ್ಲು.
ಓಣಿಯ ಹೆಣಮಕ್ಕಳು ಸುಪ್ರೀತಾನ್ನ ತೋರಿಸಿ
ತಮ್ಮ ಹುಡುಗ್ಯಾರಿಗೆ ಬುದ್ಧಿ ಹೇಳಿದ್ರು.
ನನಗೂ ಒಂಥರಾ ಹೆಮ್ಮಿ. ಮುಚ್ಚಿಡೂದಿಲ್ಲ.
ಬಳಿ ಮೊಣಕೈ ತನಕ ಜಾರಿದಾಗ
ಕಸ್ತೂರಿ ಸಣ್ಣ ಅಳತಿದು ತಂದು ಹಾಕಿದ್ಲು.
ನಾವು ನೋಡಿದ್ದು ಬಳೀನ, ಕೈಯನ್ನಲ್ಲ.

ಹುಬ್ಬಳ್ಳಿ ದವಾಖಾನ್ಯಾಗ ಡಾಕ್ಟರು ಕೇಳಿದ್ರು,
ಎಷ್ಟು ದಿನದಿಂದ?
ನಾನು ಆರು ತಿಂಗಳಂದೆ. ಕಸ್ತೂರಿ ಎರಡು ವರ್ಷ ಅಂದ್ಲು.
ಒಂದ ಮನಿ, ಒಂದ ಒಲಿ, ಎರಡು ಲೆಕ್ಕ.
ಇದು ಹಟ ಅಲ್ಲ, ಬ್ಯಾನಿ ಅಂದ್ರು.
ಬರಿದಾದ ಮೈಗೆ ಒಮ್ಮೆಲೇ ಹಾಕಿದ್ರ ಹೃದಯ ತಡಿಯೂದಿಲ್ಲಂತ.
ಗಂಜಿ ಚಮಚ ಎಣಿಸಿ, ದಿನಾ ರಕ್ತ ತಗದು ನೋಡಿ,
ಒಂದೊಂದ ಚಮಚ ಹೆಚ್ಚು.
ಲೋಡು ಮಾಡೂದು ಹಮಾಲರಷ್ಟ ಬಲ್ಲವರು ಅಂದುಕೊಂಡಿದ್ದೆ.

ಎಸ್ತೇರಮ್ಮ ಸಿಸ್ಟರ್ ದಿನ ಬಿಟ್ಟು ದಿನ ಮುಂಜಾನೆ
ಆಕೀನ ಕಾಟಾದ ಮ್ಯಾಲ ತಿರುಗಿಸಿ ನಿಲ್ಲಿಸ್ತಾಳ,
ಬೆನ್ನು ಅಂಕಿಯ ಕಡೆಗೆ.
ನೀವೂ ನೋಡಬ್ಯಾಡ್ರಿ ಅಂತಾಳ ನನಗ.
ಅಂಕಿ ಬಿಟ್ಟು ಬ್ಯಾರೆ ಏನು ನೋಡಲಿ ನಾನು?
ಹಿಮ್ಮಡ ನೋಡಿದೆ. ಬಿರುಕು ಬಿಟ್ಟಿತ್ತು,
ಮೂಲಂಗಿಯಂಥಾ ಬೆರಳು, ತಣ್ಣಗ.

ಮೊದಲ ವಾರ ಏರಿದ್ದು ಕಾಲಿನ ಬಾವು, ನೀರಿನ ತೂಕ.
ಮುಂದ ತಿಂದದ್ದೆಲ್ಲ ಮೈ ಸುಟ್ಟಕೊಳ್ಳತಿತ್ತು.
ರಾತ್ರಿ ಬೆವರಿನ್ಯಾಗ ಮಲಗ್ತಿದ್ಲು,
ಹೊದಿಕಿ ಒಳಗ ಕಾಲು ನಡೀತಾನ ಇತ್ತು,
ಎತ್ತ ಕಡೆ ಹೊಂಟಿದ್ಲೋ.
ಗುತ್ತಲದಿಂದ ಸೋದರತ್ತಿ ಬಂದು
"ಈಗ ಮೈ ತುಂಬೇತಿ ನೋಡು" ಅಂದ್ಲು, ಪ್ರೀತಿಯಿಂದನ.
ಆ ಒಂದ ಮಾತಿಗೆ ಮೂರು ದಿನ
ರೊಟ್ಟಿ ತಟ್ಟಿಯ ಅಂಚಿನ್ಯಾಗ ಒಣಗಿತು.

ಒಂದ ಮುಂಜಾನೆ ನಳದ ಹಂತ್ಯಾಕ ಸಿಕ್ಕಳು,
ಗದ್ದ ಹಸಿ, ತುಟಿ ಹಸಿ,
ಮಾರಿ ಡ್ರೈವರಂದು.
ಗೊತ್ತಾತು ನನಗ.
ಚೀಲ ಬಿಚ್ಚು ಅಂತ ಮಗಳಿಗೆ ಹೆಂಗ ಅನ್ನಲಿ?
ಹೊರಗಿನ ಬೆಂಚಿನ ಮ್ಯಾಲ ಬಾಜೂಕ ಕುಂತೆ.
ಬಾತ್ರೂಮಿಗೆ ಹೋಗಿ ಬಾರವ್ವ, ಆಮ್ಯಾಲ ನಿಲ್ಲು ಅಂದೆ.
ಭಾಳ ಹೊತ್ತು ಸುಮ್ಮನಿದ್ಲು.
ನಾನಲ್ಲಪ್ಪ, ಒಳಗ ಒಬ್ಬಾಕಿ ಕಲಸ್ತಾಳ ಅಂದ್ಲು.
ಆಕಿಗೆ ಹೇಳು, ಅಂದೆ,
ನಮ್ಮಪ್ಪ ವೇಬ್ರಿಡ್ಜಿನಾಂವ.

ನಕ್ಕಳು. ಹಲ್ಲು ಕಂಡ್ವು.
ಅತ್ತಳು ಆಮ್ಯಾಲ, ಅದು ಬ್ಯಾರೆ ಮಾತು.
ಅವತ್ತು ತೂಕ ಇಳದಿತ್ತಂತ.
ಎಸ್ತೇರಮ್ಮ ಮಾತ್ರ, ಇದು ಖರೇ ತೂಕ,
ಇಲ್ಲಿಂದ ಹಿಡಿಯೋಣು ಅಂದ್ಲು.

ಇವತ್ತು ಮಾರ್ಕೆಟ್ಟಿನ ಸೋಮವಾರ. ಲಾರಿ ಸಾಲು ಹೈವೇ ತನಕ.
ಕಸ್ತೂರಿ ಫೋನು: ಹೆಸರಕಾಳು ಪಲ್ಯ, ಅರ್ಧ ರೊಟ್ಟಿ,
ಒಂದು ತಾಸು ಹಿಡೀತು, ನಾನೂ ಸಂಗಾಟ ಕುಂತು ಉಂಡೆ,
ನಾಳೆಂದು ನಾಳೆ.

ಖಾಲಿ ಲಾರಿಯೊಂದು ಪ್ಲೇಟಿಗೆ ಬಂತು.
ಇಷ್ಟು ವರ್ಷ ಈ ಅಂಕೀನ ಕಳೀಲಿಕ್ಕೆ ಬರಕೊಂಡೆ.
ಏನೂ ಹೊರದ ಗಾಡಿಗೂ
ತನ್ನದು ಅಂತ ಒಂದು ತೂಕ ಇರ್ತೈತಲ್ಲ,
ಅದಿಲ್ಲದ ಅದು ಗಾಡಿನ ಅಲ್ಲ.

ಏನಾತ್ರೀ, ಎಷ್ಟು? ಅಂದ ಡ್ರೈವರ.
ಅರ್ಧ ರೊಟ್ಟಿ ಅಂದೆ ಬಾಯಿತಪ್ಪಿ.
ಗಾಳಿ ಎದ್ದು ಘಾಟು ಒಳಗ ಬಂತು.
ಕಣ್ಣು ಒರಸಿಕೊಂಡೆ.
ಬ್ಯಾಡಗ್ಯಾಗ ಇದೊಂದು ಅನುಕೂಲ,
ಯಾಕ ಅಂತ ಯಾರೂ ಕೇಳೂದಿಲ್ಲ.